ಎಸೆನ್‌ಕುಲ್‌ನ ಎಡಗಣ್ಣು

ನಾರಿನ್ ಕಣಿವೆಯ ನಮ್ಮ ಹಳ್ಳಿಯಲ್ಲಿ ಕಣ್ಣು ಮಂಜಾದರೆ ಎಲ್ಲರೂ ಒಲೆಯ ಹೊಗೆಯನ್ನೇ ಬೈಯುತ್ತಾರೆ. ಕುರಿಗಾಹಿ ಎಸೆನ್‌ಕುಲ್ ಕೂಡ ಹಾಗೇ ಮಾಡಿದ. ಒಂದು ಬೆಳಿಗ್ಗೆ ಹೆಂಡತಿ ಬುರುಲ್ ಅವನ ಎಡಗಡೆಯಿಂದ ಚಹಾದ ಬಟ್ಟಲು ಚಾಚಿದಳು. ಅವನ ಕೈ ಬಟ್ಟಲು ಬಿಟ್ಟು ಪಕ್ಕದ ಗಾಳಿಯನ್ನು ಹಿಡಿಯಿತು.

"ಏನ್ರೀ, ಎಡಗಣ್ಣು ಕಾಣಲ್ವಾ?"

"ಹೊಗೆ ಕಣೇ. ನೋವಿಲ್ಲ, ಏನಿಲ್ಲ. ಇನ್ನೊಂದು ಕಣ್ಣಿದೆಯಲ್ಲ!"

"ಕುದುರೆಗೆ ಒಂದು ಕಾಲು ಕುಂಟಾದ್ರೆ ಇನ್ನು ಮೂರಿದೆ ಅಂತ ಬಿಡ್ತೀರಾ?"

ಅವನು ಸಿಡುಕುತ್ತಲೇ ಇದ್ದ. ಬುರುಲ್ ಅವನನ್ನು ಅಂದೇ ವ್ಯಾನು ಹತ್ತಿಸಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು. ಕಣ್ಣಿನ ಡಾಕ್ಟರಮ್ಮ ಪರೀಕ್ಷಿಸಿದರು.

"ಕಣ್ಣಿನ ಹಿಂಪರದೆಯಿಂದ ರಕ್ತ ವಾಪಸ್ ಒಯ್ಯೋ ನಾಳ ಕಟ್ಟಿಕೊಂಡಿದೆ. ಅದಕ್ಕೇ ಒಳಗೆ ಊತ. ಕಣ್ಣಿಗೆ ಇಂಜೆಕ್ಷನ್ ಕೊಡ್ಬೇಕು."

"ಕಣ್ಣಿಗೇನಾ?" ಎಸೆನ್‌ಕುಲ್ ಟೋಪಿ ತೆಗೆದುಕೊಂಡು ಎದ್ದೇಬಿಟ್ಟ. "ಕುರುಡನಾದ್ರೂ ಸರಿ, ಬೇಡ!"

"ಎದೆ ಢವಗುಟ್ತಿದೆ ಅಲ್ವಾ, ಅಣ್ಣಾ?" ಎಂದರು ಡಾಕ್ಟರಮ್ಮ. "ಸಿಟ್ಟು, ಹೆದರಿಕೆ, ಚಳಿ ಬಂದಾಗ ಸಿಂಪಥೆಟಿಕ್ ಅನ್ನೋ ನರಗಳು ರಕ್ತನಾಳಗಳನ್ನ ಬಿಗಿ ಮಾಡ್ತವೆ. ಬಿಪಿ ಏರುತ್ತೆ. ಕಣ್ಣಿನ ಹಿಂಭಾಗಕ್ಕೆ ಬರೋ ರಕ್ತವೂ ಕಮ್ಮಿಯಾಗಬಹುದು. ಹೋಗೋ ದಾರಿ ಕಟ್ಟಿದೆ, ಬರೋ ದಾರೀನೂ ಬಿಗಿಯಾದ್ರೆ ಕಣ್ಣು ಏನು ಮಾಡ್ಬೇಕು?"

"ಅಂದ್ರೆ ನನ್ನ ಸಿಟ್ಟಿಂದ ಹೀಗಾಯ್ತಾ?"

"ಸಿಟ್ಟೊಂದನ್ನೇ ದೂರಬೇಡಿ. ಬಿಪಿ ತುಂಬಾ ಇದೆ, ನಾಳ ಕಟ್ಟೋಕೆ ಅದೇ ದೊಡ್ಡ ಕಾರಣ. ಅದನ್ನ ನೀವು ಯಾವತ್ತೂ ನೋಡಿಸಿಲ್ಲ."

ಎಸೆನ್‌ಕುಲ್ ಮೆಲ್ಲಗೆ ಕುಳಿತ. "ಬುರುಲ್, ನಂಗೆ ಭಯ ಕಣೇ."

ಆ ಮಾತು ಅವನ ಬಾಯಲ್ಲಿ ಅವಳು ಕೇಳಿರಲೇ ಇಲ್ಲ. ಅವನ ತಣ್ಣನೆಯ ಕೈಯನ್ನು ತನ್ನ ತೋಳಿನೊಳಗೆ ಸೇರಿಸಿಕೊಂಡಳು.

"ಹೆಣ್ಣು ಕೇಳೋಕೆ ಬಂದಾಗ ನಮ್ಮಪ್ಪನ ನಾಯಿಗೆ ಹೆದರಿ ಹುಲ್ಲಿನ ಮೆದೆ ಹತ್ತಿದ್ರಲ್ಲ, ಅದಕ್ಕಿಂತ ಭಯವಾ?"

"ಅದು ನಾಯಲ್ಲ, ಕರಡಿ!" ಎಂದು ನಕ್ಕುಬಿಟ್ಟ.

ಉಸಿರು ಹದಕ್ಕೆ ಬರುವ ತನಕ ಡಾಕ್ಟರಮ್ಮ ಕಾದರು. ಹನಿ ಹಾಕಿ ಕಣ್ಣು ಮರಗಟ್ಟಿಸಿ ಸೂಜಿಮದ್ದು ಕೊಟ್ಟರು. ಯಾರೋ ಒತ್ತಿದಂತಾಯಿತು, ಅಷ್ಟೇ. ಮುಂದೆ ಇನ್ನೂ ಕೆಲವು ಇಂಜೆಕ್ಷನ್ನು, ದಿನಾ ಬಿಪಿ ಮಾತ್ರೆ.

ಬೇಸಿಗೆಯಲ್ಲಿ ಕುರಿಗಳ ಜೊತೆ ಗುಡ್ಡದ ಹುಲ್ಲುಗಾವಲಿಗೆ ಹೋಗುವಷ್ಟರಲ್ಲಿ ಮಂಜು ಬಹುಪಾಲು ಕರಗಿತ್ತು. ಎಸೆನ್‌ಕುಲ್ ಬಲಗಣ್ಣು ಮುಚ್ಚಿ ಹೆಂಡತಿಯನ್ನು ದಿಟ್ಟಿಸಿದ.

"ಮುಖ ಕಾಣ್ತಿದೆ. ಸುಕ್ಕು ಮಾತ್ರ ಇನ್ನೂ ಕಾಣ್ತಿಲ್ಲ."

"ಹಾಗಿದ್ರೆ ನನ್ನನ್ನ ಆ ಕಣ್ಣಲ್ಲೇ ನೋಡ್ತಿರಿ," ಎಂದಳು ಬುರುಲ್.

ಓದುತ್ತಿರುವ ನೀವೂ ಈಗಲೇ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ನೋವಿಲ್ಲವೆಂದು ಕಾಯಬೇಡಿ. ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ರಕ್ತದೊತ್ತಡ ನೋಡಿಸಿ, ಮಾತ್ರೆ ತಪ್ಪಿಸಬೇಡಿ. ಆಸ್ಪತ್ರೆಗೆ ಹೋಗಲು ಮನೆಯವರು ಸಿಡುಕಿದರೆ, ಅದರ ಹಿಂದೆ ಭಯವೂ ಇರಬಹುದು. ಅವರ ಜೊತೆಗೆ ನೀವೂ ಹೊರಡಿ.