ಜೊಳ್ಳು ಮೊದಲು ತೋರಿಸುವ ಉಜ್ಜನಪ್ಪ

ತಮ್ಮ ಸರಕಿನ ದೋಷವನ್ನು ಗಿರಾಕಿ ಕಂಡುಹಿಡಿಯುವ ಮೊದಲೇ ತಾವೇ ಹೇಳಿಬಿಡುವುದು ಉಜ್ಜನಪ್ಪನವರ ಹುಟ್ಟುಗುಣ. ದಾವಣಗೆರೆಯ ಮಂಡಿಯಲ್ಲಿ ಅವರದು ಶೇಂಗಾ ವ್ಯಾಪಾರ. ಉಳಿದವರು ಚೀಲದ ಬಾಯಿಗೆ ಗಟ್ಟಿ ಕಾಯಿ ತುಂಬಿ ಜೊಳ್ಳನ್ನು ತಳಕ್ಕೆ ತಳ್ಳುತ್ತಿದ್ದರೆ, ಇವರು ಆ ಜೊಳ್ಳನ್ನೇ ಹೆಕ್ಕಿ ಅಂಗೈಯಲ್ಲಿ ಹಿಡಿದು, "ಇದೂ ಐತ್ರಿ ಇದರಾಗೆ. ಇನ್ನು ನೀವೇ ಕೈ ಹಾಕಿ ನೋಡ್ರಿ" ಎನ್ನುತ್ತಿದ್ದರು. ಬಿರುಬೇಸಿಗೆಯಲ್ಲೂ ಮೈಬಿಟ್ಟಿಳಿಯದ ಕಂದು ಕೋಟು, ಜೊತೆಗೆ ಬಂದವರು ಓಡಿಯೇ ಕೂಡಿಕೊಳ್ಳಬೇಕಾದ ದಾಪುಗಾಲಿನ ನಡಿಗೆ, ಮಾತಿಗೊಮ್ಮೆ "ಇದ್ದದ್ದು ಇದ್ದಂಗೆ". ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ಹೆಂಡತಿ ಗುರುಶಾಂತಮ್ಮ ಗಾದೆಯನ್ನು ಪೂರ್ತಿ ಮಾಡುತ್ತಿದ್ದರು.

ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ, "ಹುಡುಗಗೆ ಮೂಗಿನ ತುದಿಯಾಗೆ ಸಿಟ್ಟು ಐತಿ" ಎಂದುಬಿಟ್ಟರು. ಹಾಗಿದ್ದೂ ಮದುವೆಯಾಯಿತು. ಸೊಸೆ ಸರ್ವಮಂಗಳಮ್ಮ, "ಮಾವ ಹೇಳದೆ ಬಿಟ್ಟದ್ದು ಗೊರಕೆ ಒಂದೇ" ಎಂದು ಈಗಲೂ ನಗುತ್ತಾರೆ.

ಆದರೆ ತೊಂಬತ್ತೆಂಟರ ಬೇಸಿಗೆಯಲ್ಲಿ ಮೊಮ್ಮಗಳು ರಶ್ಮಿತಾಗೆ ನಗು ಬರುವಂತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಎಂಬತ್ತಾರು ಪರ್ಸೆಂಟ್ ಬಂದಿದ್ದರೂ ಗಣಿತದಲ್ಲಿ ಬರೀ ಅರವತ್ತೆಂಟು. ಅವಳಿಗೆ ವಿಜ್ಞಾನವೇ ಬೇಕು. ಒಳ್ಳೆಯ ಕಾಲೇಜುಗಳು ಮೊದಲು ನೋಡುವುದು ಗಣಿತವನ್ನೇ. ಎಂ.ಸಿ.ಸಿ. ಬಡಾವಣೆಯ ಓಣಿಯಲ್ಲಿ ಪೇಡೆ ಹಂಚಲು ಬಂದವರೆಲ್ಲ "ನಿಂದೆಷ್ಟಮ್ಮಾ?" ಎಂದು ಕೇಳುತ್ತಾರೆಂದು ಅವಳು ಬಾಗಿಲಿಗೆ ಬರುವುದನ್ನೇ ಬಿಟ್ಟಿದ್ದಳು.

ಊರಿನ ಹೆಸರಾಂತ ಕಾಲೇಜಿನ ಸಂದರ್ಶನಕ್ಕೆ ಅಜ್ಜನೇ ಜೊತೆಗೆ ಹೊರಟಾಗ ದಾರಿಯುದ್ದಕ್ಕೂ ಗೋಗರೆದಳು: "ಅಜ್ಜಾ, ನೀನು ಬಾಯಿ ಬಿಡಬ್ಯಾಡ." ತಲೆಯಾಡಿಸಿದ ಅಜ್ಜ, ಕುರ್ಚಿಯಲ್ಲಿ ಕೂತದ್ದೇ ತಡ, "ಗಣಿತದಾಗೆ ಎಡವ್ಯಾಳ್ರೀ ಹುಡುಗಿ, ಇದ್ದದ್ದು ಇದ್ದಂಗೆ" ಎಂದರು. ಸೀಟು ಸಿಗಲಿಲ್ಲ. ಅವರು ಸುಮ್ಮನಿದ್ದರೂ ಸಿಗುತ್ತಿರಲಿಲ್ಲವೇನೋ. ಆದರೆ ರಶ್ಮಿತಾ ಮನೆಗೆ ಬಂದು ದಿಂಬಿಗೆ ಮುಖವೊತ್ತಿ ಅತ್ತಳು, ಅಜ್ಜನೊಡನೆ ಮಾತು ಬಿಟ್ಟಳು.

ಉಳಿದದ್ದು ಹರಿಹರದ ಒಂದು ಕಾಲೇಜು. ಅಲ್ಲಿಯೂ ವಿಜ್ಞಾನಕ್ಕೆ ಆರಿಸಿಯೇ ತೆಗೆದುಕೊಳ್ಳುತ್ತಿದ್ದರು. ಅದು ತಪ್ಪಿದರೆ ವಿಜ್ಞಾನವೇ ತಪ್ಪಿದಂತೆ. ಪ್ರಾಂಶುಪಾಲ ಮಲ್ಲೇಶಪ್ಪನವರು ಗಣಿತದ ಮೇಷ್ಟ್ರು. ಅಲ್ಲಿಗೂ ಜೊತೆಗೆ ಹೋದ ಉಜ್ಜನಪ್ಪ ಮತ್ತದೇ ರಾಗ ತೆಗೆದರು. ಮಲ್ಲೇಶಪ್ಪ ಕನ್ನಡಕದ ಮೇಲಿಂದ ನೋಡಿ, "ಅದು ಬಿಡ್ರಿ ಯಜಮಾನ್ರೆ. ಹುಡುಗಿದು ಚಲೋದು ಏನೈತಿ, ಅದನ್ನ ಹೇಳ್ರಿ" ಎಂದರು.

ಉಜ್ಜನಪ್ಪ ತಬ್ಬಿಬ್ಬಾದರು. ಒಳ್ಳೆಯದನ್ನು ಬಾಯಿಂದ ಹೇಳಿ ಅವರಿಗೆ ರೂಢಿಯೇ ಇರಲಿಲ್ಲ. ಅದನ್ನು ಗಿರಾಕಿ ತಾನೇ ಕಂಡುಕೊಳ್ಳಬೇಕು. ಕೋಟಿನ ಗುಂಡಿ ತಿರುವುತ್ತ ಕೊನೆಗೆ, "ನೀವೇ ಕೈ ಹಾಕಿ ನೋಡ್ರಿ" ಎಂದರು.

ತನ್ನನ್ನು ಶೇಂಗಾ ಚೀಲ ಮಾಡಿದರಲ್ಲ ಎಂದು ರಶ್ಮಿತಾ ಕೆಂಪಾದಳು. ಮಲ್ಲೇಶಪ್ಪ ನಕ್ಕು, ಅವಳ ಕೈಗೆ ಸೀಮೆಸುಣ್ಣ ಕೊಟ್ಟು ಒಂದು ಲೆಕ್ಕ ಹೇಳಿದರು. ಸಿಟ್ಟಿನ ಭರದಲ್ಲಿ ಹೆದರಿಕೆಯೇ ಮರೆತುಹೋಗಿ ಅವಳು ಸರಸರನೆ ಬರೆದಳು. ಅರ್ಧಕ್ಕೆ ತಟ್ಟನೆ ನಿಂತಳು.

"ಸರ್, ಮೇಲಿನ ಸಾಲಿನಾಗೆ ನಂದೇ ತಪ್ಪೈತ್ರಿ. ನೀವು ನೋಡಿಲ್ಲ," ಎಂದು ಅಂಗೈಯಿಂದಲೇ ಒರೆಸಿ ಮತ್ತೆ ಬರೆದಳು. ಉತ್ತರ ಸರಿ ಬಂತು.

ಮಲ್ಲೇಶಪ್ಪನವರು ನಗು ತಡೆಯಲಾರದೆ, "ಮೊಮ್ಮಗಳು ನಿಮ್ಮಾಕೀನೇ ಬಿಡ್ರಿ" ಎಂದು ಸೀಟು ಕೊಟ್ಟರು. ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜ ಕೊಡಿಸಿದ ಮಿರ್ಚಿಯನ್ನು ಅವಳು ಬೇಡವೆನ್ನದೆ ತಿಂದಳು, ಮಾತೂ ಆಡಿದಳು.

ಇಂಥವರು ಮನೆಮಂದಿಯನ್ನು ಜೀವಮಾನವಿಡೀ ಮುಜುಗರಕ್ಕೆ ಸಿಕ್ಕಿಸುತ್ತಾರೆ. ಸಭೆಯಲ್ಲಿ ಅವರ ಪಕ್ಕ ಕೂರಲು ಮಕ್ಕಳು ಹೆದರುತ್ತಾರೆ. ಆದರೆ ತಪ್ಪನ್ನು ಬಾಯಿಬಿಟ್ಟು ಹೇಳಿಯೂ ತಲೆಯೆತ್ತಿ ನಡೆಯಬಹುದೆಂಬುದನ್ನು ಅದೇ ಮಕ್ಕಳು ದಿನವೂ ಕಣ್ಣಾರೆ ಕಂಡಿರುತ್ತಾರೆ. ಕಡಿಮೆ ಅಂಕ ಬಂದ ದಿನ ಜಗತ್ತು ಮುಗಿಯಿತೆಂದು ಅವರು ಅತ್ತರೂ, ಮರುದಿನ ಎದ್ದು ಮುಖ ತೊಳೆಯುತ್ತಾರೆ.