ಗುಂಡನ ಪೆಟ್ಟಿಗೆಗೆ ಹೊದಿಸಿದ ಕೌದಿ

ನಾಗಪುರದ ಜನವರಿ ಚಳಿಗೆ ಮನುಷ್ಯರೇ ಮುದುಡಿ ಕೂಡುತ್ತಾರೆ, ಇನ್ನು ಹಾವಿನ ಪಾಡೇನು? ಗಿರಿಜವ್ವನಿಗೆ ಎರಡು ದಿನದಿಂದ ಇದೇ ಚಿಂತೆ. ಮಗಳು ಶಾಂಭವಿ ಪರೀಕ್ಷೆಗೆಂದು ಪುಣೆಗೆ ಹೋಗುವಾಗ ತನ್ನ ಗುಂಡನನ್ನು ಅವ್ವನಿಗೆ ಒಪ್ಪಿಸಿದ್ದಳು. ಗುಂಡ ಎಂದರೆ ವಿಷವಿಲ್ಲದ, ವಿದೇಶಿ ತಳಿಯ ಪುಟ್ಟ ಹೆಬ್ಬಾವು. ಸರ್ಕಾರದಲ್ಲಿ ನೋಂದಣಿಯೂ ಆಗಿದೆ. ಬೇಸಿಗೆಯಲ್ಲಿ ಮನೆಗೆ ಬಂದ ಅವನಿಗೆ ಇದು ಮೊದಲ ಚಳಿಗಾಲ.

"ಅವ್ವಾ, ಅಂವಗ ಬೆಚ್ಚಗಿರಬೇಕು ನೋಡು" ಎಂದಷ್ಟೇ ಹೇಳಿ ಹೋಗಿದ್ದಳು.

ಗಂಡ ಕಲ್ಲೇಶ ಗಾಂಧಿಬಾಗ್ ಪೇಟೆಯಿಂದ ಕರೆಂಟಿನ ಹೀಟಿಂಗ್ ಮ್ಯಾಟ್ ತಂದ. ಜೊತೆಗೆ ಕಾವು ಹದ್ದುಬಸ್ತಿನಲ್ಲಿಡುವ ಥರ್ಮೋಸ್ಟಾಟ್ ಬೇಕು ಎಂದ ಅಂಗಡಿಯವನಿಗೆ, "ಒಂದು ಮಶೀನಿಗೆ ಇನ್ನೊಂದು ಮಶೀನು ಯಾಕ?" ಎಂದು ಉತ್ತರ ಕೊಟ್ಟು ಬಂದಿದ್ದ. ಗಾಜಿನ ಪೆಟ್ಟಿಗೆಯ ತಳದ ತುಂಬ ಮ್ಯಾಟ್ ಹಾಸಿ, ನೇರ ಪ್ಲಗ್ಗಿಗೆ ಹಾಕಿದ. ಕಾವು ಹೊರಗೆ ಹೋದೀತೆಂದು ಗಿರಿಜವ್ವ ತವರಿನ ಕೌದಿ ತಂದು, ಕೂಸಿಗೆ ಹೊದಿಸಿದಂತೆ ಪೆಟ್ಟಿಗೆಗೆ ಹೊದಿಸಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕಮರು ವಾಸನೆ ಬಂತು. ಅಡುಗೆಮನೆಯಿಂದ ಓಡಿ ಬಂದು ನೋಡಿದರೆ ಕೌದಿಯ ಅಂಚು ಕಂದಿಹೋಗಿದೆ. ಗಾಜು ಮುಟ್ಟಿದರೆ ಕೈ ಚುರ್ರೆಂದಿತು. ಗುಂಡ ಮೂಲೆಯಲ್ಲಿ ಗಾಜಿಗೆ ಮೂತಿ ಒತ್ತಿಕೊಂಡಿದ್ದ. ಮಗಳಿಗೆ ಏನೆಂದು ಹೇಳುವುದು? ಗಿರಿಜವ್ವ ಪ್ಲಗ್ ಕಿತ್ತು, ಮೇಲಿನ ಮನೆಯ ಪಶುವೈದ್ಯೆ ಕೃಪಾಳನ್ನು ಕೂಗಿದಳು.

"ಕಾಕು, ಅಂವನ ಹೊಟ್ಟಿ ನೋಡಬೇಕು. ಎರಡೂ ಕೈಲೆ ಹಗೂರಕ ಹಿಡೀರಿ," ಎಂದಳು ಕೃಪಾ.

ಅಲ್ಲಿಯವರೆಗೆ ಗಿರಿಜವ್ವ ಅವನನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಆದರೂ ಹಿಡಿದಳು.

"ಸ್ವಲ್ಪ ಕೆಂಪಾಗೇತಿ, ಔಷಧಕ್ಕ ವಾಸಿ ಆಗ್ತೈತಿ. ಇನ್ನೊಂದು ತಾಸು ತಡ ಆಗಿದ್ರ ಅಂವ ಉಳೀತಿದ್ದಿಲ್ಲ. ಮನೀಗೂ ಬೆಂಕಿ ಹತ್ತಬಹುದಿತ್ತು."

"ಸುಡ್ತಿದ್ರ ಸರಕೊಂಡು ಹೋಗಬೇಕಿಲ್ಲೇನು?" ಕಲ್ಲೇಶನ ಸಂಶಯ ಇನ್ನೂ ಹೋಗಿರಲಿಲ್ಲ.

"ಎಲ್ಲಿಗೆ ಹೋಗ್ತಾನ್ರಿ ಕಾಕಾ? ತಳದ ತುಂಬ ನೀವ ಹಾಸೀರಿ. ಹಾವು ಕಾವು ಹುಡುಕಿ ಮಲಗ್ತೈತಿ, ಹೊಟ್ಟಿ ಸುಟ್ಟದ್ದು ಅದಕ ಜಲ್ದಿ ತಿಳಿಯೂದಿಲ್ಲ. ಮ್ಯಾಟು ಒಂದ ಬದಿಗಿರಬೇಕು, ತಳದಾಗ ಮೂರರಾಗ ಒಂದು ಪಾಲು ಅಷ್ಟ. ಇನ್ನೊಂದು ಬದಿ ತಂಪಿರಲಿ. ಥರ್ಮೋಸ್ಟಾಟಿನ ಸೆನ್ಸರ್ ಮ್ಯಾಟಿನ ಮ್ಯಾಲೆ ಬರೋಬರ್ ಅಂಟಿಸಿದ್ರ, ಕಾವು ಹೆಚ್ಚಾದಾಗ ಅದ ಕರೆಂಟ್ ಕಡೀತೈತಿ."

ಕಲ್ಲೇಶ ಚಪ್ಪಲಿ ಮೆಟ್ಟಿ, ಥರ್ಮೋಸ್ಟಾಟ್ ತರಲು ಗಾಂಧಿಬಾಗ್‌ಗೆ ಹೊರಟ. ತಪ್ಪು ಒಪ್ಪಿಕೊಳ್ಳುವ ಅವನ ರೀತಿಯೇ ಹಾಗೆ.

ಸಂಜೆ ಶಾಂಭವಿಯ ಫೋನ್ ಬಂತು. "ಗುಂಡ ಬೆಚ್ಚಗದಾನೇನವ್ವಾ?"

ಗಿರಿಜವ್ವ ಮೊದಲು ನಡೆದದ್ದನ್ನೆಲ್ಲ ಹೇಳಿದಳು, ಮಗಳ ಜೊತೆ ತಾನೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಕಲ್ಲೇಶ ಥರ್ಮೋಸ್ಟಾಟಿನ ಜೊತೆ ತಂದು ಪೆಟ್ಟಿಗೆಯ ಎರಡೂ ಬದಿಗೆ ಅಂಟಿಸಿದ್ದ ಥರ್ಮಾಮೀಟರ್ ನೋಡಿದಳು. "ಈ ಕಡೆ ಮೂವತ್ತೊಂದು ಡಿಗ್ರಿ ಐತಿ, ಆ ಕಡೆ ಇಪ್ಪತ್ತಾರು. ಅಂವ ನಡುವ ಮಲಗ್ಯಾನ."

ನಿಮ್ಮ ಮನೆಯಲ್ಲೂ ಇಂಥ ಜೀವ ಇದ್ದರೆ ಕೇಳಿ. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಚ್ಚಬೇಡಿ. ಯಾವ ಹಾವಿಗೆ ಎಷ್ಟು ಕಾವು ಬೇಕೆಂದು ವೈದ್ಯರನ್ನು ಕೇಳಿ, ಹಾವನ್ನು ಬಿಡುವ ಮೊದಲು ಒಂದು ದಿನ ಖಾಲಿ ಪೆಟ್ಟಿಗೆಯಲ್ಲಿ ನಡೆಸಿ ನೋಡಿ. ಕಾವಿಗೆ ಬಲ್ಬ್ ಬಳಸಿದರೆ ಹಾವು ತಾಗದಂತೆ ಜಾಲರಿ ಹಾಕಿ. ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಬೇಡಿ. ಹಾವಿಗೆ ಮೈ ಸುಟ್ಟರೂ ಕೂಗಲು ಬಾಯಿಲ್ಲ. ದಿನಾ ಎರಡು ಸಲ ಥರ್ಮಾಮೀಟರ್ ನೋಡುವ ಕಣ್ಣು ನಿಮ್ಮದೇ ಆಗಿರಲಿ.