ಮೇಸ್ತ್ರಿಯ ಹಿತ್ತಾಳೆ ವಾಲ್ವು

ನಲ್ಲಿ ಮೇಸ್ತ್ರಿಯನ್ನು ಬಾ ಎಂದು ಯಾರೂ ಕರೆದಿರಲಿಲ್ಲ. ಮೀನಿನ ಅಂಗಡಿಗೆ ಹೊರಟಿದ್ದವನು ಅಳಿಯ ಒಬ್ಬನೇ. "ನೀರಿನ ಕೆಲಸ ಅಂದ್ಮೇಲೆ ನಾನಿಲ್ಲದೆ ಆಗುತ್ತಾ?" ಎಂದು ಮೇಸ್ತ್ರಿಯೇ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಿದ್ದ.

ಮಗಳು ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಪಾಪ, ಹೊತ್ತು ಹೋಗದೆ ಗೋಡೆಯ ಬಿರುಕು ಎಣಿಸುತ್ತಾಳೆಂದು ಅವಳ ಹಾಸಿಗೆಯ ಪಕ್ಕದಲ್ಲೊಂದು ಪುಟ್ಟ ಸಮುದ್ರ ಇಡಬೇಕೆಂಬುದು ಅಳಿಯನ ಆಸೆ. ಉಪ್ಪುನೀರಿನ ಗಾಜಿನ ತೊಟ್ಟಿ, ಒಳಗೆ ನಾಲ್ಕು ಹವಳ, ಒಂದೆರಡು ಮೀನು. ಅಳಿಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಮೆತ್ತಗಿನ ಮಾತು, ಮೆತ್ತಗಿನ ಕೈ. ಸ್ಪ್ಯಾನರನ್ನು ಪೆನ್ನಿನ ಹಾಗೆ ಹಿಡಿಯುವ ಇವನೆಂಥಾ ಗಂಡಸು ಎಂದು ಮೇಸ್ತ್ರಿಗೆ ಒಳಗೊಳಗೇ ತಾತ್ಸಾರ.

ಅಂಗಡಿಯ ಒಡತಿ ಸಾಮಾನು ಒಂದೊಂದಾಗಿ ಇಳಿಸಿ ಮೇಜಿನ ಮೇಲಿಟ್ಟಳು. "ಮೊದಲ ಸಲ ಅಂದ್ರೆ ತೀರಾ ಚಿಕ್ಕ ತೊಟ್ಟಿ ಬೇಡಿ. ನೀರು ಕಮ್ಮಿ ಇದ್ದಷ್ಟೂ ಸಣ್ಣ ತಪ್ಪೂ ದೊಡ್ಡದಾಗುತ್ತೆ." ನೀರು ಬೆಚ್ಚಗಿಡುವ ಹೀಟರು, ಅಲೆ ಎಬ್ಬಿಸುವ ಪಂಪು, ಹವಳಕ್ಕೆ ಬೇಕಾದ ನೀಲಿ ಬೆಳಕು, ನೀರಿನ ಉಪ್ಪು ಅಳೆಯುವ ಮಾಪಕ, ಒಂದು ಚೀಲ ಉಪ್ಪು.

"ಉಪ್ಪನ್ನೂ ಕೊಳ್ಳಬೇಕಾ? ಅಡುಗೆಮನೇಲಿ ಡಬ್ಬಿ ತುಂಬಾ ಇದೆಯಲ್ಲ!" ಅಂದ ಮೇಸ್ತ್ರಿ.

"ಅದು ಊಟಕ್ಕೆ ಯಜಮಾನ್ರೇ, ಇದು ಸಮುದ್ರಕ್ಕೆ."

ಅಳಿಯ ಕಿಸಕ್ಕನೆ ನಕ್ಕುಬಿಟ್ಟ. ಅದು ಮೇಸ್ತ್ರಿಗೆ ಸರಿಯಾಗಿ ನಾಟಿತು.

ಆಮೇಲೆ ಬಂತು ಪೈಪಿನ ಮಾತು. ತೊಟ್ಟಿಯ ಕೆಳಗೊಂದು ನೀರು ಶೋಧಿಸುವ ಪೆಟ್ಟಿಗೆ, ಅಲ್ಲಿಂದ ನೀರು ಮತ್ತೆ ಮೇಲೆ ಹತ್ತಬೇಕು. ಒಡತಿ ಪ್ಲಾಸ್ಟಿಕ್ ಪೈಪು, ಪ್ಲಾಸ್ಟಿಕ್ ವಾಲ್ವು ಮುಂದಿಟ್ಟು, "ಈ ನೀರಿಗೆ ಲೋಹ ಮಾತ್ರ ತಾಗಿಸ್ಬೇಡಿ" ಅನ್ನುವಷ್ಟರಲ್ಲಿ ಮೇಸ್ತ್ರಿ ಆ ವಾಲ್ವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದನ್ನ ನನ್ನ ಮಗಳ ಮನೇಲಿ ಹಾಕೋದಾ? ಊರವರ ಮನೆಗೆಲ್ಲ ಹಿತ್ತಾಳೆ ಹಾಕಿದ ಕೈ ಇದು. ತೆಗೀರಮ್ಮ ಆಚೆ!"

"ಮಾವ, ಅವರೇನೋ ಹೇಳ್ತಿದಾರೆ…" ಅಂದ ಅಳಿಯ.

"ಅಳಿಯಂದ್ರೇ, ನೀವು ಕನ್ನಡಕ ನೋಡ್ಕೊಳ್ಳಿ. ನಲ್ಲಿ ನನಗೆ ಬಿಡಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ. ಒಡತಿಯ ಮಾತು ಅವನ ಕಿವಿಗೇನೋ ಬಿತ್ತು, ಅಷ್ಟೇ. ತಾಮ್ರದ ಪೈಪು, ಹಿತ್ತಾಳೆ ವಾಲ್ವು ತಂದು ಫಳಫಳ ಉಜ್ಜಿ ಕೂರಿಸಿದ. ಒಂದು ಹನಿ ಸೋರಲಿಲ್ಲ ಅನ್ನಿ! ಮಗಳನ್ನು ನೋಡಲು ಬಂದವರಿಗೆಲ್ಲ ತೊಟ್ಟಿ ತೋರಿಸುವುದು ಬಿಟ್ಟು ಬಗ್ಗಿಸಿ ಕೂರಿಸಿ ವಾಲ್ವು ತೋರಿಸಿದ.

ಹವಳ ಮುಂದಕ್ಕಿರಲಿ ಎಂದು, ನೀರು ಹದಕ್ಕೆ ಬಂದ ಮೇಲೆ ಮೊದಲು ಮೀನು ಬಂತು, ಬಸವನಹುಳುಗಳು ಬಂದವು, ಕೊನೆಗೆ ಕೆಂಪು ಬೆನ್ನಿನ ಸೀಗಡಿಯೊಂದು ಬಂತು. ಅದಕ್ಕೆ ಉದ್ದುದ್ದ ಬಿಳಿ ಮೀಸೆ. "ಅಯ್ಯೋ, ಥೇಟ್ ನಮ್ಮಪ್ಪ!" ಎಂದು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕು ಅದಕ್ಕೆ ಮೀಸೆರಾಯ ಎಂದು ಹೆಸರಿಟ್ಟಳು. ಮೇಸ್ತ್ರಿ ಮುಖ ಗಂಟಿಕ್ಕಿದರೂ ಮನೆಗೆ ಬಂದಾಗಲೆಲ್ಲ ಮೊದಲು ಕೇಳುತ್ತಿದ್ದುದು, "ಎಲ್ಲಿ, ನನ್ನ ತಮ್ಮ?" ಎಂದೇ.

ಮೊದಲು ಬಸವನಹುಳುಗಳು ಗಾಜಿನಿಂದ ಉದುರಿದವು. ಆಮೇಲೊಂದು ಬೆಳಗ್ಗೆ ಮೀಸೆರಾಯ ಕಲ್ಲಿನ ಸಂದಿಯಲ್ಲಿ ಮಗ್ಗುಲಾಗಿ ಬಿದ್ದಿದ್ದ. ಮಗಳು ಚಿಕ್ಕ ಮಗುವಿನ ಹಾಗೆ ಅತ್ತಳು. ಮೇಸ್ತ್ರಿಗೆ ರೋಷ ಉಕ್ಕಿತು. ಅಳಿಯನನ್ನು ಎಳೆದುಕೊಂಡು ಅಂಗಡಿಗೆ ನುಗ್ಗಿದ.

"ಎಂಥಾ ಮಾಲು ಮಾರ್ತೀರಮ್ಮ ನೀವು! ಸಾಯೋ ಪ್ರಾಣಿ ಕಟ್ಟಿ ಕಳಿಸ್ತೀರಾ?"

ಅಂಗಡಿ ತುಂಬ ಜನ. ಒಡತಿ ಸಿಟ್ಟಾಗಲಿಲ್ಲ. ಅಳಿಯ ತೊಟ್ಟಿಯಿಂದ ತುಂಬಿ ತಂದಿದ್ದ ಬಾಟಲಿಯ ನೀರನ್ನು ಪುಟ್ಟ ಕೊಳವೆಗೆ ಹಾಕಿ ಔಷಧಿ ಹನಿಸಿದಳು. ಬಣ್ಣ ತಿರುಗಿತು.

"ತಾಮ್ರ. ಮೀನು ಒಂದಿಷ್ಟು ತಡ್ಕೊಳ್ಳುತ್ತೆ, ಸೀಗಡಿ ಬಸವನಹುಳು ತಡ್ಕೊಳ್ಳಲ್ಲ. ತೊಟ್ಟಿಗೆ ತಾಮ್ರ, ಹಿತ್ತಾಳೆ ಏನಾದ್ರೂ ಹಾಕಿದೀರಾ?" ಎಂದು ನೇರ ಮೇಸ್ತ್ರಿಯ ಮುಖ ನೋಡಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಯ ಕೈ ತಾನಾಗಿ ಹೋಗಿ ಜೇಬಿನ ಸ್ಪ್ಯಾನರನ್ನು ಮುಚ್ಚಿತು. ಹೇಳಬೇಕಾದ್ದು ಒಂದೇ ಮಾತು. ಅಷ್ಟು ಜನರ ಮುಂದೆ ಅದನ್ನು ಹೇಳುವ ಬದಲು ಪಕ್ಕದ ಗಾಜಿನ ತೊಟ್ಟಿ ನೋಡುತ್ತ ನಿಂತ.

"ನಾನೇ ಮೇಡಂ," ಅಂದ ಅಳಿಯ. "ಚೆನ್ನಾಗಿ ಕಾಣುತ್ತೆ ಅಂತ ಹಳೇ ತಾಮ್ರದ ನಾಣ್ಯ ಒಂದಷ್ಟು ಕಲ್ಲಿನ ಮೇಲಿಟ್ಟಿದ್ದೆ."

ಜನ ನಕ್ಕರು. ಮೇಸ್ತ್ರಿ ಸುಮ್ಮನಾದರೂ ಇರಬಾರದೇ? "ಈಗಿನವರಿಗೆ ಹೇಳೋರು ಯಾರು ಬಿಡಿ!" ಎಂದು ತಾನೂ ಒಂದು ಸೇರಿಸಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಳಿಯ ತಲೆ ತಗ್ಗಿಸಿಕೊಂಡು ಗಾಡಿ ತೆಗೆಯಲು ಹೊರಗೆ ಹೋದ.

ಮೇಸ್ತ್ರಿಯೂ ಹೊರಡುವಾಗ ಒಡತಿ ತಡೆದು, ಮೇಜಿನಡಿಯಿಂದ ಒಂದು ಪೊಟ್ಟಣ ತೆಗೆದು ಕೊಟ್ಟಳು. ಒಳಗೆ ಪ್ಲಾಸ್ಟಿಕ್ ಪೈಪು, ಪ್ಲಾಸ್ಟಿಕ್ ವಾಲ್ವು.

"ನಿಮ್ಮ ಅಳಿಯಂದ್ರದು. ಬಸವನಹುಳು ಸತ್ತಾಗಲೇ ನೀರು ತಂದು ಪರೀಕ್ಷೆ ಮಾಡಿಸಿದ್ರು. ಇದನ್ನ ಕಟ್ಟಿಸ್ಕೊಂಡು ಬಾಗಿಲ ತನಕ ಹೋಗಿ ವಾಪಸ್ ಬಂದು ಇಟ್ಟು ಹೋದ್ರು."

"ಯಾಕಂತೆ?"

"'ಮಾವ ಹಾಕಿದ್ದನ್ನ ಬಿಚ್ಚೋ ಧೈರ್ಯ ನನಗಿಲ್ಲ. ಬಿಚ್ಚಿದ್ರೆ ಅವರು ಮನೆಗೆ ಬರೋದೇ ಬಿಡ್ತಾರೆ, ಅವಳಿಗೆ ಅಪ್ಪ ಬೇಕು' ಅಂದ್ರು." ಒಡತಿ ದನಿ ಇಳಿಸಿದಳು. "ಅವತ್ತೇ ಬದಲಾಯಿಸಿದ್ರೆ ಸೀಗಡಿ ಉಳೀತಿತ್ತೇನೋ ಯಜಮಾನ್ರೇ."

ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಗಾಡಿಯ ಹಿಂದೆ ಕೂತು ಬರುವಾಗ ಅಳಿಯನ ಬೆನ್ನು ನೋಡಲೂ ನಾಚಿಕೆಯಾಗಿ, ಪೊಟ್ಟಣ ಅವುಚಿಕೊಂಡು ಬೀದಿ ಕಡೆ ಮುಖ ತಿರುಗಿಸಿದ. ಅಳಿಯ ಒಂದು ಜೀವ ಹೋಗಲಿ ಎಂದು ಬಿಟ್ಟನೇ ಹೊರತು ತನಗೆ ಹೇಳಲಿಲ್ಲ. ಅಷ್ಟು ಕೆಟ್ಟವನಾಗಿದ್ದೆನೇ ನಾನು?

ಅಳಿಯ ಬಾಗಿಲು ತೆಗೆಯುತ್ತಲೇ ಮಗಳು ಮಲಗಿದಲ್ಲಿಂದಲೇ ಕೇಳಿದಳು, "ಏನಾಗಿತ್ತಂತೆ ರೀ?"

"ನನ್ನದೇ ತಪ್ಪು. ತಾಮ್ರದ ನಾಣ್ಯ ಹಾಕಿದ್ದೆ…"

"ನೀವಾ? ಅಪ್ಪ ಅಷ್ಟು ಚೆನ್ನಾಗಿ ಕಟ್ಟಿಕೊಟ್ಟಿದ್ದನ್ನ ಹಾಳು ಮಾಡಿದ್ರಾ? ಥೂ, ಅಪ್ಪನ್ನ ಒಂದು ಮಾತು ಕೇಳಬಾರದಿತ್ತಾ?"

ಆ ಹೊಗಳಿಕೆ ಮೇಸ್ತ್ರಿಗೆ ಕಪಾಳಕ್ಕೆ ಬಿದ್ದಂತಾಯಿತು. ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತ.

"ಅವರಲ್ಲ ಕಣಮ್ಮ. ನಾನು. ನಿನ್ನ ಮೀಸೆರಾಯನ್ನ ಕೊಂದಿದ್ದು ನನ್ನ ಪೈಪು, ನನ್ನ ವಾಲ್ವು. ಆಯಮ್ಮ ಬೇಡ ಅಂದಿದ್ದನ್ನ ಕೇಳಿಸ್ಕೊಂಡೇ ಹಾಕಿದೆ. ಬಸವನಹುಳು ಸತ್ತಾಗಲೇ ಇವರಿಗೆ ಗೊತ್ತಾಗಿತ್ತಂತೆ. ಇವತ್ತು ಇವರು ತಪ್ಪು ಹೊತ್ಕೊಂಡ್ರೆ ನಾನೂ ಜನದ ಜೊತೆ ಸೇರಿ ಆಡ್ಕೊಂಡೆ."

ಮಗಳು ಗಂಡನನ್ನು ನೋಡಿದಳು. "ಗೊತ್ತಿದ್ರೂ ಅಪ್ಪನಿಗೆ ಯಾಕೆ ಹೇಳ್ಲಿಲ್ಲ ನೀವು?"

ಅಳಿಯ ಮಾವನ ಕಡೆ ನೋಡಿದ.

"ನನಗೆ ಹೆದರಿ," ಅಂದ ಮೇಸ್ತ್ರಿ. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. ಪೊಟ್ಟಣವನ್ನೂ ಸ್ಪ್ಯಾನರನ್ನೂ ಅಳಿಯನ ಮುಂದೆ ಚಾಚಿದ. "ನೀವು ಬಿಚ್ಚಿ."

ಅಳಿಯ ತೊಟ್ಟಿಯ ಕೆಳಗೆ ತೂರಿ ಪಂಪು ನಿಲ್ಲಿಸಿ, ಸ್ಪ್ಯಾನರನ್ನು ಅದೇ ಪೆನ್ನಿನ ಹಾಗೆ ಹಿಡಿದ. ಹಾಗಲ್ಲ ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಪೈಪಿನ ಬಾಯಿಗೆ ಬಕೆಟ್ ಹಿಡಿದು ಕೂತ. ವಾಲ್ವು ಸಡಿಲವಾಗಿ ನೀರು ನೆಲಕ್ಕೆ ಚಿಮ್ಮಿತು.

"ಮಾವ, ಬಕೆಟ್ ಈ ಕಡೆ ಹಿಡೀರಿ," ಅಂದ ಅಳಿಯ, ತಿರುಗಿಯೂ ನೋಡದೆ.

"ಆಯ್ತಪ್ಪ," ಎಂದು ಮೇಸ್ತ್ರಿ ಬಕೆಟ್ಟನ್ನು ಆ ಕಡೆ ಹಿಡಿದ.